ಹೋರಸ್ ಯಾರ ಮಗ? ಈಜಿಪ್ಟಿನ ದೇವರ ಲೆಕ್ಕ ಯಾಕೆ ತಾಳೆಯಾಗುವುದಿಲ್ಲ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪ್ರಾಚೀನ ಈಜಿಪ್ಟಿನ ದೇವರುಗಳ ಒಂದು ಚಾರ್ಟ್ ಮಾಡಿಸೋಣ ಅಂತ ಹೊರಟು ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಪುಸ್ತಕದಲ್ಲಿ ಹೋರಸ್ ಒಸೈರಿಸ್‌ನ ಮಗ. ಇನ್ನೊಂದರಲ್ಲಿ ಒಸೈರಿಸ್‌ನ ತಮ್ಮ. ಹಾಥೋರ್ ಒಂದು ಕಡೆ ಹೋರಸ್‌ನ ತಾಯಿ, ಇನ್ನೊಂದು ಕಡೆ ಹೆಂಡತಿ! ಯಾವುದು ಸರಿ? ದೇವರಿಗೆ ಪ್ರಾಣಿಗಳ ತಲೆ ಯಾಕೆ? ಅವರು ನಿಜಕ್ಕೂ ಬೆಕ್ಕು, ಮೊಸಳೆಗಳನ್ನು ಪೂಜೆ ಮಾಡುತ್ತಿದ್ದರಾ? ಅವರ ಸೂರ್ಯ ದೇವರು ‘ರಾ’ ಅಂದರೆ ನಮ್ಮ ‘ರವಿ’ಯೇ ಅಂತ ಒಂದು ಮೆಸೇಜ್ ಓಡಾಡುತ್ತಿದೆ, ಅದು ನಿಜವಾ? ಒಬ್ಬ ಹುಡುಗ ಕೇಳಿದ್ದು: ಈ ದೇವರುಗಳ ಪೂಜೆ ಯಾವತ್ತು ನಿಂತಿತು?

ಉತ್ತರ: ನಿಮ್ಮ ಎರಡೂ ಪುಸ್ತಕ ಸರಿ, ಮೇಡಂ. ತೊಂದರೆ ಇರುವುದು ಚಾರ್ಟ್‌ನಲ್ಲಿ.

ನಾನೂ ಇದನ್ನು ಓದಲು ಶುರುಮಾಡಿದಾಗ ದೊಡ್ಡದೊಂದು ಹಾಳೆ ತಂದು ವಂಶವೃಕ್ಷ ಬರೆಯಲು ಕೂತಿದ್ದೆ. ಅಪ್ಪ, ಅಮ್ಮ, ಮಗ, ಗೆರೆ, ಬಾಣದ ಗುರುತು. ಒಂದು ವಾರ ಆಗುವಷ್ಟರಲ್ಲಿ ಗೆರೆಗಳು ಒಂದರ ಮೇಲೊಂದು ಹಾದು ಹಾಳೆ ಬಲೆಯ ಹಾಗೆ ಕಾಣುತ್ತಿತ್ತು. ಹರಿದು ಹಾಕಿದೆ. ಈಜಿಪ್ಟಿನವರು ತಮ್ಮ ದೇವರುಗಳನ್ನು ಒಂದೇ ಪುಸ್ತಕದಲ್ಲಿ ಕೂರಿಸಿ ಸಂಬಂಧ ಹೊಂದಿಸಿದವರಲ್ಲ. ಅವರಿಗೆ ಅಂಥ ಒಂದು ಪುಸ್ತಕವೇ ಇರಲಿಲ್ಲ. ಇದ್ದದ್ದು ಊರೂರಿನ ಗುಡಿಗಳು, ಮೂರು ಸಾವಿರಕ್ಕೂ ಹೆಚ್ಚು ವರ್ಷ, ಮತ್ತು ಹಳೆಯದನ್ನು ಬಿಸಾಡದೆ ಹೊಸದನ್ನು ಅದರ ಪಕ್ಕ ಇಡುವ ಅಭ್ಯಾಸ.

ಹೋರಸ್‌ನ ಕತೆಯನ್ನೇ ನೋಡಿ. ಈಜಿಪ್ಟ್ ಒಂದೇ ರಾಜ್ಯವಾದ ಕಾಲ, ಕ್ರಿ.ಪೂ. 3100ರ ಸುಮಾರು. ಆ ಕಾಲದ ನಾರ್ಮೆರ್ ಎಂಬ ರಾಜನ ಒಂದು ಕಲ್ಲಿನ ಫಲಕ ಕೈರೋದಲ್ಲಿದೆ. ಅದರಲ್ಲಿ ಒಂದು ಡೇಗೆ ಹಕ್ಕಿ ಶತ್ರುವಿನ ಮೂಗಿಗೆ ಹಗ್ಗ ಹಾಕಿ ಹಿಡಿದುಕೊಂಡು ಕೂತಿದೆ. ಆ ಡೇಗೆಯೇ ಹೋರಸ್. ಎಲ್ಲಕ್ಕಿಂತ ಎತ್ತರದಲ್ಲಿ ಹಾರುವ ಹಕ್ಕಿ, ಆಕಾಶದ ಒಡೆಯ, ರಾಜನ ಇನ್ನೊಂದು ರೂಪ. ಆಗ ಒಸೈರಿಸ್‌ನ ಸುದ್ದಿಯೇ ಇಲ್ಲ. ಒಸೈರಿಸ್‌ನ ಹೆಸರು ಬರಹದಲ್ಲಿ ಖಚಿತವಾಗಿ ಸಿಗುವುದು ಐದನೆಯ ರಾಜವಂಶದ ಕಾಲಕ್ಕೆ, ಅಂದರೆ ಸುಮಾರು ಆರೇಳು ನೂರು ವರ್ಷಗಳ ನಂತರ. ದಾಖಲೆ ನೋಡಿದರೆ ಮಗನೇ ಅಪ್ಪನಿಗಿಂತ ಹಿರಿಯ!

ಹಾಗಾದರೆ ಅಪ್ಪ ಎಲ್ಲಿಂದ ಬಂದ? ಸಾವಿನಿಂದ ಬಂದ. ಸಿಂಹಾಸನದ ಮೇಲಿರುವ ರಾಜ ಹೋರಸ್ ಸರಿ, ಸತ್ತ ರಾಜ ಯಾರು? ಸತ್ತು, ಮತ್ತೆ ಜೀವ ಪಡೆದು, ಸತ್ತವರ ಲೋಕವನ್ನು ಆಳುವ ಒಸೈರಿಸ್. ಸಕ್ಕಾರಾದಲ್ಲಿ ಉನಾಸ್ ರಾಜನ ಪಿರಮಿಡ್ಡಿನ ಒಳಗೋಡೆಗಳ ಮೇಲೆ, ಕ್ರಿ.ಪೂ. 2350ರ ಸುಮಾರಿಗೆ ಕೆತ್ತಿದ ಮಂತ್ರಗಳಲ್ಲಿ ಸತ್ತ ರಾಜನನ್ನು ‘ಒಸೈರಿಸ್ ಉನಾಸ್’ ಎಂದೇ ಕರೆದಿದ್ದಾರೆ. ಸತ್ತ ರಾಜ ಒಸೈರಿಸ್, ಅವನ ಜಾಗಕ್ಕೆ ಬಂದ ಮಗ ಹೋರಸ್. ಮುಂದೆ ಇವನೂ ಸತ್ತು ಒಸೈರಿಸ್ ಆಗುತ್ತಾನೆ, ಇವನ ಮಗ ಹೋರಸ್ ಆಗುತ್ತಾನೆ. ಇವು ವ್ಯಕ್ತಿಗಳ ಹೆಸರಿಗಿಂತ ಹೆಚ್ಚಾಗಿ ಪೀಠದ ಹೆಸರು ಅಂತ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಒಸೈರಿಸ್‌ನ ಹೆಂಡತಿ ಐಸಿಸ್‌ಳ ತಲೆಯ ಮೇಲೆ ಒಂದು ಕುರ್ಚಿಯಂಥ ಚಿಹ್ನೆ ಇರುತ್ತದಲ್ಲ, ಅದು ಸಿಂಹಾಸನ. ಅವಳ ಹೆಸರನ್ನು ಬರೆಯುವುದೂ ಅದೇ ಚಿಹ್ನೆಯಿಂದ. ರಾಜನಿಗೆ ಸಿಂಹಾಸನವೇ ತಾಯಿ, ಅವನು ಕೂರುವುದು ಅವಳ ಮಡಿಲಿನಲ್ಲಿ.

ಇನ್ನು ‘ತಮ್ಮ’ ಹೋರಸ್. ಇವನಿಗೆ ‘ಹಿರಿಯ ಹೋರಸ್’ ಅಂತಲೇ ಹೆಸರು. ಕೋಮ್ ಒಂಬೋದ ಜೋಡಿ ಗುಡಿಯಲ್ಲಿ ಒಂದು ಭಾಗ ಮೊಸಳೆ ದೇವರು ಸೋಬೆಕ್‌ನದು, ಇನ್ನೊಂದು ಭಾಗ ಇವನದು. ಇವನು ಹುಟ್ಟಿದ ಕತೆಯನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಆಕಾಶ ದೇವತೆ ನುತ್ ಬಸುರಿ. ಸೂರ್ಯ ದೇವರಿಗೆ ಸಿಟ್ಟು. ವರ್ಷದ ಯಾವ ದಿನವೂ ನೀನು ಹೆರಕೂಡದು ಅಂತ ಶಾಪ ಕೊಟ್ಟ. ಆಗ ವರ್ಷಕ್ಕೆ ಇದ್ದದ್ದು 360 ದಿನ. ಜಾಣ ದೇವರು ಥೋತ್ ಚಂದ್ರನ ಜೊತೆ ಪಗಡೆಯಂಥ ಒಂದು ಆಟಕ್ಕೆ ಕೂತ. ಆಡಿ ಆಡಿ ಚಂದ್ರನ ಬೆಳಕನ್ನು ಚೂರುಚೂರಾಗಿ ಗೆದ್ದ. ಗೆದ್ದದ್ದನ್ನೆಲ್ಲ ಒಟ್ಟು ಮಾಡಿದರೆ ಐದು ದಿನ ಆಯಿತು. ಈ ಐದೂ ವರ್ಷದ ಲೆಕ್ಕಕ್ಕೆ ಸೇರದ ದಿನಗಳು, ಶಾಪ ತಾಗುವುದಿಲ್ಲ. ನುತ್ ದಿನಕ್ಕೊಂದರಂತೆ ಐದು ಮಕ್ಕಳನ್ನು ಹೆತ್ತಳು. ಮೊದಲ ದಿನ ಒಸೈರಿಸ್, ಎರಡನೆಯ ದಿನ ಹಿರಿಯ ಹೋರಸ್, ಆಮೇಲೆ ಸೆತ್, ಐಸಿಸ್, ನೆಫ್ತಿಸ್. ಈಜಿಪ್ಟಿನ ಪಂಚಾಂಗದಲ್ಲಿ ಈ ಐದು ದಿನಗಳು ನಿಜವಾಗಿಯೂ ಇದ್ದವು. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದು ದಿನ ಸೇರಿಸಿ 365. ಈ ಐದು ದಿನಗಳನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಅಂದ ಹಾಗೆ ಈ ಐದರಲ್ಲಿ ನಾಲ್ವರು ಒಡಹುಟ್ಟಿದವರೇ ಮದುವೆಯಾದದ್ದನ್ನು ಕೇಳಿ ಮಕ್ಕಳು ನಗಬಹುದು. ಹುಟ್ಟಿದವರೇ ಅಷ್ಟು ಜನ, ಇನ್ನಾರನ್ನು ಮದುವೆಯಾಗಬೇಕಿತ್ತು ಪಾಪ!

ಹಾಥೋರ್‌ಳ ವಿಷಯ ಇನ್ನೂ ಸುಲಭ. ಉತ್ತರ ಅವಳ ಹೆಸರಿನಲ್ಲೇ ಇದೆ. ‘ಹುತ್-ಹೋರ್’ ಎಂದರೆ ಹೋರಸ್‌ನ ಮನೆ. ಡೇಗೆಯ ಮನೆ ಯಾವುದು? ಆಕಾಶ. ಆ ಆಕಾಶ ಅವನನ್ನು ಬಸಿರಲ್ಲಿ ಇಟ್ಟುಕೊಂಡಿದೆ ಅಂದರೆ ತಾಯಿ. ಅವನು ಅದರೊಳಗೆ ಮನೆ ಮಾಡಿದ್ದಾನೆ ಅಂದರೆ ಹೆಂಡತಿ. ಎಡ್ಫು ಊರಿನವರು ಹೆಂಡತಿ ಎಂದರು. ವರ್ಷಕ್ಕೊಮ್ಮೆ ದೆಂಡೆರಾ ಗುಡಿಯಿಂದ ಹಾಥೋರ್‌ಳ ಮೂರ್ತಿಯನ್ನು ದೋಣಿಯಲ್ಲಿ ಕೂರಿಸಿ ನೈಲ್ ನದಿಯ ಮೇಲೆ ಎಡ್ಫುವಿಗೆ, ಹೋರಸ್‌ನ ಬಳಿಗೆ ಕರೆತರುತ್ತಿದ್ದರು. ಬೇರೆ ಕಡೆ ಹಸುವಿನ ರೂಪದ ಇದೇ ಹಾಥೋರ್ ರಾಜನಿಗೆ ಹಾಲೂಡಿಸುವ ತಾಯಿ. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ಅವರು ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ.

ಈಗ ಪ್ರಾಣಿಗಳ ತಲೆಗೆ ಬರೋಣ. ಇದರ ಬಗ್ಗೆ ಇರುವ ತಪ್ಪು ತಿಳಿವಳಿಕೆ ಜಾಸ್ತಿ. ಹೆಣ ಕಾಯುವ ದೇವರು ಅನುಬಿಸ್‌ನನ್ನು ನಿಜಕ್ಕೂ ಭೇಟಿಯಾದರೆ ನರಿ ಮೂತಿಯ ಒಬ್ಬ ಮನುಷ್ಯ ಎದುರಿಗೆ ನಿಲ್ಲುತ್ತಾನೆ ಅಂತ ಈಜಿಪ್ಟಿನವರು ಅಂದುಕೊಂಡಿರಲಿಲ್ಲ. ದೇವರ ನಿಜವಾದ ರೂಪ ಗುಟ್ಟಿನದು, ಕಣ್ಣಿಗೆ ಬೀಳದ್ದು. ಅಮುನ್ ಎಂಬ ಹೆಸರಿನ ಅರ್ಥವೇ ‘ಮರೆಯಾಗಿರುವವನು’. ಕಾಣದ ದೇವರನ್ನು ಗೋಡೆಯ ಮೇಲೆ ತೋರಿಸಬೇಕಲ್ಲ, ಅದಕ್ಕೆ ಚಿತ್ರ ಬೇಕು. ಅವರ ಬರಹವೇ ಚಿತ್ರಗಳದ್ದು ಅನ್ನುವುದನ್ನು ಮರೆಯಬೇಡಿ. ಮೂರ್ತಿಯನ್ನೂ ಅವರು ಬರಹದ ಹಾಗೆ ಓದುತ್ತಿದ್ದರು. ತಲೆ ಯಾರೆಂದು ಹೇಳುತ್ತದೆ. ಮನುಷ್ಯನ ಮೈ ಏನು ಮಾಡುತ್ತಿದ್ದಾನೆ ಅಂತ ಹೇಳುತ್ತದೆ. ಡೇಗೆ ಹಕ್ಕಿಗೆ ಕೈ ಇಲ್ಲ, ರಾಜನ ಕೈ ಹಿಡಿದು ನಡೆಸಲು ಆಗುವುದಿಲ್ಲ. ಡೇಗೆಯ ತಲೆಯ ಮನುಷ್ಯನಿಗೆ ಆಗುತ್ತದೆ.

ಅದಕ್ಕೇ ಒಂದೇ ದೇವರನ್ನು ಹಲವು ಥರ ತೋರಿಸಬಹುದಿತ್ತು. ಹಾಥೋರ್ ಪೂರ್ತಿ ಹಸುವಾಗಿ ಬರುತ್ತಾಳೆ, ಕೊಂಬಿನ ನಡುವೆ ಸೂರ್ಯನನ್ನು ಇಟ್ಟುಕೊಂಡ ಹೆಣ್ಣಾಗಿ ಬರುತ್ತಾಳೆ, ದೆಂಡೆರಾದ ಕಂಬಗಳ ಮೇಲೆ ಹಸುವಿನ ಕಿವಿಯ ಮುಖ ಮಾತ್ರವಾಗಿ ಬರುತ್ತಾಳೆ, ಕೆಲವೊಮ್ಮೆ ಅತ್ತಿಯ ಜಾತಿಯ ಒಂದು ಮರವಾಗಿಯೂ ನಿಲ್ಲುತ್ತಾಳೆ. ಇನ್ನು ಮೆಂಫಿಸ್ ಊರಿನ ಪ್ತಾಹ್, ಸತ್ತವರ ದೊರೆ ಒಸೈರಿಸ್, ಇವರನ್ನು ತೋರಿಸುವುದು ಮನುಷ್ಯರ ತಲೆಯಿಂದಲೇ. ಪ್ರಾಣಿಯ ತಲೆ ಕಡ್ಡಾಯವೇನೂ ಆಗಿರಲಿಲ್ಲ.

ಯಾವ ದೇವರಿಗೆ ಯಾವ ಪ್ರಾಣಿ ಅನ್ನುವುದರ ಹಿಂದೆ ಒಳ್ಳೆಯ ಕಣ್ಣಿದೆ. ನೈಲ್ ದಂಡೆಯ ಹಸಿರು ಮುಗಿದು ಮರಳು ಶುರುವಾಗುವ ಅಂಚಿನಲ್ಲಿ ಹೆಣ ಹೂಳುತ್ತಿದ್ದರು. ಅಲ್ಲಿ ರಾತ್ರಿ ನರಿಗಳು ಓಡಾಡುತ್ತಿದ್ದವು, ಮಣ್ಣು ಕೆದರುತ್ತಿದ್ದವು. ಹೆಣ ಕೆಡಿಸುವ ಪ್ರಾಣಿಯನ್ನೇ ಹೆಣ ಕಾಯುವ ದೇವರು ಮಾಡಿದರು. ಆದರೆ ಅನುಬಿಸ್‌ನ ಬಣ್ಣ ಕಪ್ಪು, ಅಲ್ಲಿನ ನರಿಗಳು ಕಪ್ಪಲ್ಲ. ಕಪ್ಪು ನೈಲ್ ತರುವ ಗೋಡುಮಣ್ಣಿನ ಬಣ್ಣ. ಅವರು ತಮ್ಮ ನಾಡನ್ನು ಕರೆದುಕೊಂಡದ್ದೇ ‘ಕಪ್ಪು ನೆಲ’ ಅಂತ. ಅವರಿಗೆ ಅದು ಬೆಳೆಯ ಬಣ್ಣ, ಮತ್ತೆ ಹುಟ್ಟುವುದರ ಬಣ್ಣ. ಇನ್ನೊಂದು ತಮಾಷೆ: ನಾವು ಇಷ್ಟು ಕಾಲ ನರಿ ಅಂದುಕೊಂಡಿದ್ದ ಆಫ್ರಿಕಾದ ಆ ಪ್ರಾಣಿ ತೋಳಕ್ಕೆ ಹತ್ತಿರದ ಬೇರೆಯೇ ಜಾತಿ ಅಂತ 2015ರಲ್ಲಿ ಡಿಎನ್‌ಎ ಪರೀಕ್ಷೆ ಹೇಳಿತು. ಚಾರ್ಟ್‌ನಲ್ಲಿ ‘ನರಿ’ ಅಂತಲೇ ಬರೆಸಿ, ಪರವಾಗಿಲ್ಲ.

ಬರಹದ ದೇವರು ಥೋತ್‌ಗೆ ಐಬಿಸ್ ಹಕ್ಕಿ. ನಮ್ಮ ರಂಗನತಿಟ್ಟಿನಲ್ಲಿ ಕಾಣುವ ಬಿಳಿ ಕೆಂಬರಲಿನ ಹತ್ತಿರದ ನೆಂಟ ಅದು. ಬಾಗಿದ ಕೊಕ್ಕನ್ನು ನೋಡಿ: ಒಮ್ಮೆ ಬಿದಿಗೆಯ ಚಂದ್ರನ ಹಾಗೆ, ಒಮ್ಮೆ ಮಸಿಯಲ್ಲಿ ಅದ್ದುವ ಲೇಖನಿಯ ಹಾಗೆ. ಥೋತ್ ಚಂದ್ರನಿಗೂ ದೇವರು, ಲೆಕ್ಕಕ್ಕೂ ದೇವರು. ಬೆಳಗಿನ ಸೂರ್ಯ ಖೆಪ್ರಿಗೆ ಸಗಣಿ ಹುಳು. ಉಂಡೆ ಉರುಳಿಸಿಕೊಂಡು ಹೋಗುತ್ತದೆ, ಆ ಉಂಡೆಯಿಂದಲೇ ಮರಿ ಹೊರಬರುತ್ತದೆ. ಸೂರ್ಯನನ್ನು ಆಕಾಶದಲ್ಲಿ ಉರುಳಿಸುವವನಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಾ?

ಮಕ್ಕಳಿಗೆ ಒಂದು ಕಿವಿಮಾತು ಹೇಳಿಕೊಡಿ. ಡೇಗೆಯ ತಲೆ ಕಂಡ ತಕ್ಷಣ ಹೋರಸ್ ಎನ್ನಬಾರದು, ತಲೆಯ ಮೇಲೆ ಏನಿದೆ ನೋಡಬೇಕು. ಸೂರ್ಯನ ಬಿಲ್ಲೆ, ಅದಕ್ಕೆ ಸುತ್ತಿಕೊಂಡ ನಾಗರಹಾವು ಇದ್ದರೆ ಸಾಮಾನ್ಯವಾಗಿ ರಾ. ಕೆಂಪು-ಬಿಳಿ ಜೋಡಿ ಕಿರೀಟ ಇದ್ದರೆ ಹೋರಸ್. ಚಂದ್ರನ ಬಿಲ್ಲೆ ಇದ್ದರೆ ಖೋನ್ಸು. ಆದರೆ ಹಾಥೋರ್‌ಳ ಕೊಂಬು ಮತ್ತು ಬಿಲ್ಲೆಯನ್ನು ಐಸಿಸ್ ಕೂಡ ತೊಡಲು ಶುರುಮಾಡಿದ ಮೇಲೆ ಈ ಉಪಾಯವೂ ಕೈಕೊಡುತ್ತದೆ. ಆಗ ಪಕ್ಕದಲ್ಲಿ ಬರೆದ ಹೆಸರನ್ನು ಓದುವುದೊಂದೇ ದಾರಿ.

ಒಬ್ಬ ದೇವತೆ ಇನ್ನೊಬ್ಬಳಾಗುವುದು ಹೇಗೆ ಅಂತ ತಿಳಿಯಲು ನನಗೆ ತುಂಬ ಇಷ್ಟವಾದ ಒಂದು ಕತೆ ಇದೆ. ತುತಾನ್‌ಖಾಮುನ್‌ನ ಶವಪೆಟ್ಟಿಗೆಯನ್ನು ಮುಚ್ಚಿದ್ದ ಬಂಗಾರದ ಗೂಡಿನ ಮೇಲೆ ಇದರ ಒಂದು ಭಾಗ ಇದೆ, ಮೊದಲನೆಯ ಸೆತಿ ರಾಜನ ಗೋರಿಯ ಗೋಡೆಯ ಮೇಲೂ ಇದೆ. ಆಗ ರಾ ಭೂಮಿಯ ಮೇಲೇ ಇದ್ದು ದೇವರನ್ನೂ ಮನುಷ್ಯರನ್ನೂ ಆಳುತ್ತಿದ್ದ. ವಯಸ್ಸಾಯಿತು. ಮೂಳೆ ಬೆಳ್ಳಿಯಾಯಿತು, ಮೈ ಬಂಗಾರವಾಯಿತು. ಮುದುಕನಾದ ಅಂತ ಗೊತ್ತಾದದ್ದೇ ಮನುಷ್ಯರು ಸಂಚು ಮಾಡಿದರು. ರಾ ದೇವರುಗಳನ್ನು ಗುಟ್ಟಾಗಿ ಕರೆಸಿ ಕೇಳಿದ. ನಿನ್ನ ಕಣ್ಣನ್ನು ಕಳಿಸು ಎಂದರು. ರಾನ ಕಣ್ಣು ಎಂದರೆ ಅವನ ಮಗಳೇ. ಹಾಥೋರ್ ಹೋದಳು, ಕೊಲ್ಲಲು ತೊಡಗಿದಳು, ಕೊಲ್ಲುತ್ತ ಕೊಲ್ಲುತ್ತ ಅದರ ರುಚಿ ಹತ್ತಿತು. ಅಲ್ಲಿ ಅವಳ ಹೆಸರು ಸೆಖ್ಮೆತ್ ಆಗುತ್ತದೆ, ‘ಬಲಶಾಲಿ’. ಸಿಂಹಿಣಿಯ ತಲೆಯವಳು.

ರಾನಿಗೆ ಕನಿಕರ ಹುಟ್ಟಿತು. ಎಲ್ಲರನ್ನೂ ಮುಗಿಸಿದರೆ ಆಳುವುದು ಯಾರನ್ನು? ಆದರೆ ಅವಳನ್ನು ನಿಲ್ಲಿಸುವುದು ಅವನ ಕೈಲೂ ಆಗುವ ಹಾಗಿರಲಿಲ್ಲ. ದಕ್ಷಿಣದ ಎಲೆಫಂಟೈನ್‌ನಿಂದ ಕೆಮ್ಮಣ್ಣು ತರಿಸಿದ. ಅದನ್ನು ಬಿಯರ್‌ಗೆ ಬೆರೆಸಿ 7000 ಕೊಡ ತುಂಬಿಸಿದ. ಬೆಳಗಾಗುವ ಮುಂಚೆ ಗದ್ದೆ ಬಯಲಿಗೆಲ್ಲ ಸುರಿಸಿದ. ಬೆಳಿಗ್ಗೆ ಬಂದ ದೇವತೆ ನೋಡಿದರೆ ನೆಲವೆಲ್ಲ ಕೆಂಪು. ರಕ್ತ ಅಂತ ಕುಡಿದಳು. ಕುಡಿದು ಮತ್ತೇರಿ ಮನುಷ್ಯರನ್ನು ಗುರುತಿಸಲಾಗದೆ ವಾಪಸ್ ಹೋದಳು. ನಾವು ಉಳಿದದ್ದು ಬಿಯರ್‌ನಿಂದ! ಈ ದೇವತೆಯ ಹಬ್ಬಗಳಲ್ಲಿ ಕುಡಿಯುವುದು ಪೂಜೆಯ ಭಾಗವೇ ಆಗಿತ್ತು. ಈ ಭಾಗವನ್ನು ಎಂಟನೇ ಕ್ಲಾಸಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಸಿಟ್ಟು ಬಂದರೆ ಸೆಖ್ಮೆತ್, ಇಳಿದರೆ ಹಾಥೋರ್. ಬೇರೆ ಊರುಗಳಲ್ಲಿ ಇಳಿದ ರೂಪಕ್ಕೆ ಬಾಸ್ತೆತ್ ಎಂಬ ಹೆಸರು. ಬಾಸ್ತೆತ್ ಕೂಡ ಮೊದಲು ಸಿಂಹಿಣಿಯೇ, ಬೆಕ್ಕಾದದ್ದು ಆಮೇಲೆ. ಸೆಖ್ಮೆತ್ ರೋಗ ಕಳಿಸುವವಳು, ಅದಕ್ಕೇ ಅವಳ ಪೂಜಾರಿಗಳು ರೋಗ ವಾಸಿ ಮಾಡುವುದರಲ್ಲೂ ಪಳಗಿದವರು. ಮೂರನೆಯ ಅಮೆನ್‌ಹೊತೆಪ್ ಎಂಬ ರಾಜ ಅವಳ ಕಪ್ಪು ಕಲ್ಲಿನ ಮೂರ್ತಿಗಳನ್ನು ನೂರಾರು ಮಾಡಿಸಿ ಸಾಲಾಗಿ ನಿಲ್ಲಿಸಿದ್ದ. ಈಗ ಅವು ಜಗತ್ತಿನ ಮ್ಯೂಸಿಯಂಗಳಲ್ಲಿ ಹಂಚಿಹೋಗಿವೆ. ಇವರು ಒಬ್ಬಳಾ ಮೂವರಾ ಎಂದರೆ, ಗುಡಿ ಮೂರು, ಪೂಜಾರಿಗಳು ಮೂರು ಕಡೆಯವರು, ಹೆಸರು ಮೂರು. ಕತೆಯಲ್ಲಿ ಮಾತ್ರ ಒಬ್ಬಳೇ.

ಅಮುನ್-ರಾ ಅಂತ ಜೋಡಿ ಹೆಸರು ಬರುವುದೂ ಇದೇ ಥರ. ಥೀಬ್ಸ್ ಊರಿನ ಅಮುನ್, ಆ ಊರಿನ ರಾಜರು ದೇಶ ಆಳಲು ತೊಡಗಿದ ಮೇಲೆ ದೊಡ್ಡ ದೇವರಾದ. ಹಳೆಯ ದೊಡ್ಡ ದೇವರು ರಾನನ್ನು ಕೆಳಗಿಳಿಸಲಿಲ್ಲ, ಅವನ ಜೊತೆ ಸೇರಿಕೊಂಡ. ಸೇರಿಕೊಂಡ ಮೇಲೂ ಅಮುನ್ ಬೇರೆ, ರಾ ಬೇರೆ ಆಗಿ ಪೂಜೆ ನಡೆದೇ ಇತ್ತು. ಕೂಡಿಸಿದರೂ ಲೆಕ್ಕ ಕಡಿಮೆಯಾಗದ ಕೂಡುವಿಕೆ ಇದು. ಇದನ್ನು ಒಪ್ಪದೆ, ಇರುವುದು ಅತೆನ್ ಎಂಬ ಸೂರ್ಯಬಿಂಬ ಒಂದೇ, ಉಳಿದವರು ಬೇಡ ಎಂದು ಹೊರಟವನು ಅಖೆನಾತೆನ್ ಎಂಬ ರಾಜ. ಕ್ರಿ.ಪೂ. 14ನೇ ಶತಮಾನ. ಅಮುನ್ ಎಂಬ ಹೆಸರು ಕಂಡಲ್ಲೆಲ್ಲ ಉಳಿಯಿಂದ ಕೆತ್ತಿ ತೆಗೆಸಿದ. ಅವನು ಕಟ್ಟಿಸಿದ ಹೊಸ ಊರು ಅಮಾರ್ನಾದಲ್ಲೇ ಜನರ ಮನೆಗಳಲ್ಲಿ ಹಳೆಯ ಪುಟ್ಟ ದೇವರುಗಳ ತಾಯಿತಗಳು ಸಿಕ್ಕಿವೆ. ಅವನು ಸತ್ತ ಕೆಲವೇ ವರ್ಷಗಳಲ್ಲಿ ಎಲ್ಲ ಮೊದಲಿನಂತಾಯಿತು.

ಇನ್ನು ಆ ‘ರವಿ’ ಮೆಸೇಜು. ನನಗೂ ಬಂದಿದೆ, ಹಲವು ಸಲ. ನಿಜವಲ್ಲ. ಸುಮ್ನೆ ಎರಡು ಅಕ್ಷರ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟಸ್ತನ ಆಗುವುದಿಲ್ಲ. ಈಜಿಪ್ಟಿನ ಭಾಷೆ ಅರಬ್ಬಿ, ಹೀಬ್ರೂ ಭಾಷೆಗಳ ದೂರದ ನೆಂಟ, ಸಂಸ್ಕೃತದ ಕುಲವೇ ಬೇರೆ. ‘ರಾ’ ಎಂದು ನಾವು ಬರೆಯುವ ಹೆಸರಿನಲ್ಲಿ ಅವರು ಬರೆಯುತ್ತಿದ್ದದ್ದು ರಕಾರ ಮತ್ತು ಗಂಟಲಿನ ಆಳದಿಂದ ಬರುವ ಒಂದು ಸದ್ದು. ಅದರಲ್ಲಿ ವಕಾರ ಇಲ್ಲ. ನಮ್ಮ ‘ಆ’ ಕೂಡ ಊಹೆಯೇ, ಯಾಕೆಂದರೆ ಅವರ ಬರಹದಲ್ಲಿ ಸ್ವರಗಳನ್ನು ಬರೆಯುವುದೇ ಇಲ್ಲ. ಈಜಿಪ್ಟಿನ ರಾಜ ರಾಮ್ಸೆಸ್ ಎಂದರೆ ರಾಮ ಅಂತಲೂ ಆ ಮೆಸೇಜಿನಲ್ಲಿ ಇರಬೇಕಲ್ವಾ? ಆ ಹೆಸರಿನ ಅರ್ಥ ‘ಅವನನ್ನು ಹುಟ್ಟಿಸಿದವನು ರಾ’ ಅಂತ, ಅಷ್ಟೇ. ಐಸಿಸ್, ಒಸೈರಿಸ್, ಅನುಬಿಸ್ ಎಂಬ ಈ ‘ಇಸ್’ ಹೆಸರುಗಳೂ ಗ್ರೀಕರ ಬಾಯಲ್ಲಿ ತಿರುಗಿ ನಮಗೆ ಬಂದವು. ಐಸಿಸ್ ತನ್ನ ಊರಿನಲ್ಲಿ ‘ಅಸೆತ್’ ಎಂಬಂಥ ಏನೋ ಒಂದು ಆಗಿದ್ದಳು.

ಚಾರ್ಟ್‌ನಲ್ಲಿ ಸೆತ್‌ನನ್ನು ‘ಕೆಟ್ಟ ದೇವರು’ ಅಂತ ಬರೆಸಿದ್ದರೆ ದಯವಿಟ್ಟು ಅಳಿಸಿ. ಒಸೈರಿಸ್‌ನನ್ನು ಕೊಂದವನು ಅವನೇ, ಹೌದು. ಆದರೆ ಪ್ರತಿ ರಾತ್ರಿ ಸೂರ್ಯನ ದೋಣಿ ಪಾತಾಳದಲ್ಲಿ ಹೋಗುವಾಗ ಅಪೋಫಿಸ್ ಎಂಬ ಹೆಬ್ಬಾವಿನಂಥ ಸರ್ಪ ಅದನ್ನು ನುಂಗಲು ಬರುತ್ತದೆ. ದೋಣಿಯ ಮುಂತುದಿಯಲ್ಲಿ ನಿಂತು ಅದಕ್ಕೆ ಈಟಿ ಚುಚ್ಚುವವನು ಸೆತ್. ಬೇರೆ ಯಾರಿಗೂ ಅಷ್ಟು ತೋಳ್ಬಲ ಇಲ್ಲ. ಮರುಭೂಮಿ, ಬಿರುಗಾಳಿ, ಗುಡುಗು ಎಲ್ಲ ಅವನದ್ದು. ಮೇಲೆ ಹೇಳಿದ ಸೆತಿ ರಾಜನ ಹೆಸರಿನ ಅರ್ಥವೇ ‘ಸೆತ್‌ನವನು’. ಕೊಲೆಗಾರ ಅಂತಲೇ ತಿಳಿದಿದ್ದರೆ ಮಗನಿಗೆ ಆ ಹೆಸರು ಇಡುತ್ತಿದ್ದರಾ?

ಸೆತ್ ಮತ್ತು ಹೋರಸ್ ರಾಜ್ಯಕ್ಕಾಗಿ ದೇವರ ಕೋರ್ಟಿನಲ್ಲಿ ಜಗಳವಾಡಿದ ಒಂದು ಕತೆ ಪಪೈರಸ್ ಹಾಳೆಯಲ್ಲಿ ಉಳಿದಿದೆ. ಕ್ರಿ.ಪೂ. 12ನೇ ಶತಮಾನದ್ದು, ಈಗ ಡಬ್ಲಿನ್‌ನಲ್ಲಿದೆ. ಕೇಸು 80 ವರ್ಷ ಎಳೆಯುತ್ತದೆ. ಮುಖ್ಯ ನ್ಯಾಯಾಧೀಶನಾದ ಸೂರ್ಯ ದೇವರಿಗೆ ಸೆತ್ ಮೇಲೆ ಒಲವು. ಒಬ್ಬ ಚಿಕ್ಕ ದೇವರು ‘ನಿನ್ನ ಗುಡಿ ಖಾಲಿ’ ಅಂತ ಅವನನ್ನೇ ಮೂದಲಿಸಿದಾಗ ದೊಡ್ಡ ದೇವರು ಮುನಿಸಿಕೊಂಡು ಬಿಡಾರಕ್ಕೆ ಹೋಗಿ ಅಂಗಾತ ಮಲಗಿಬಿಡುತ್ತಾನೆ. ಐಸಿಸ್ ಬಂದರೆ ಬಾಯಿ ನಿಲ್ಲುವುದಿಲ್ಲ ಅಂತ ಕೋರ್ಟನ್ನು ಒಂದು ದ್ವೀಪಕ್ಕೆ ಸಾಗಿಸಿ, ಯಾವ ಹೆಂಗಸನ್ನೂ ದಾಟಿಸಬೇಡ ಅಂತ ಅಂಬಿಗನಿಗೆ ಅಪ್ಪಣೆ ಮಾಡುತ್ತಾರೆ. ಅವಳು ಮುದುಕಿಯಾಗಿ ಬಂದು ಬಂಗಾರದ ಉಂಗುರ ಕೊಟ್ಟು ದಾಟುತ್ತಾಳೆ. ಆಮೇಲೆ ಚೆಂದದ ಹುಡುಗಿಯಾಗಿ ಸೆತ್ ಎದುರು ಕಣ್ಣೀರು ಹಾಕುತ್ತಾಳೆ: ನನ್ನ ಗಂಡ ದನಗಾಹಿ, ತೀರಿಹೋದ, ಯಾರೋ ಹೊರಗಿನವನು ಬಂದು ನನ್ನ ಮಗನ ದನಗಳನ್ನು ಕಿತ್ತುಕೊಳ್ಳುತ್ತಿದ್ದಾನೆ. ಸೆತ್ ಕರಗಿ, ಮಗ ಇರುವಾಗ ಹೊರಗಿನವನಿಗೆ ಹೇಗೆ ಕೊಡುವುದು ಅನ್ನುತ್ತಾನೆ. ಅವಳು ತಕ್ಷಣ ಹದ್ದಾಗಿ ಜಾಲಿ ಮರದ ಮೇಲೆ ಹಾರಿ ಕೂತು, ನಿನ್ನ ತೀರ್ಪು ನೀನೇ ಹೇಳಿಬಿಟ್ಟೆ ಅನ್ನುತ್ತಾಳೆ. ಇಲ್ಲೊಂದು ಶ್ಲೇಷೆ ಇದೆ. ಅವರ ಭಾಷೆಯಲ್ಲಿ ‘ದನಗಳು’ ಎಂಬ ಮಾತೂ ‘ಪದವಿ’ ಎಂಬ ಮಾತೂ ಹೆಚ್ಚು ಕಡಿಮೆ ಒಂದೇ ಥರ ಕೇಳಿಸುತ್ತಿತ್ತು.

ಕೊನೆಗೆ ರಾಜ್ಯ ಹೋರಸ್‌ಗೆ. ಸೆತ್‌ಗೆ ಶಿಕ್ಷೆ? ಸೂರ್ಯ ಅವನನ್ನು ತನ್ನ ಜೊತೆ ಕರೆದುಕೊಳ್ಳುತ್ತಾನೆ, ಆಕಾಶದಲ್ಲಿ ಗುಡುಗಲಿಕ್ಕೆ. ಕ್ಲಾಸಿನಲ್ಲಿ ನಾಟಕ ಆಡಿಸಲು ಇದಕ್ಕಿಂತ ಒಳ್ಳೆಯ ಕತೆ ಸಿಗುವುದು ಕಷ್ಟ. ಒಂದೆರಡು ಪ್ರಸಂಗಗಳನ್ನು ಮಾತ್ರ ಬಿಟ್ಟುಬಿಡಬೇಕು, ಓದಿದರೆ ಯಾವುವು ಅಂತ ನಿಮಗೇ ಗೊತ್ತಾಗುತ್ತದೆ.

ಪ್ರಾಣಿ ಪೂಜೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಮೆಂಫಿಸ್‌ನಲ್ಲಿ ಆಪಿಸ್ ಎಂಬ ಹೋರಿ ಇತ್ತು. ಒಂದು ಕಾಲಕ್ಕೆ ಒಂದೇ. ಮೈಮೇಲಿನ ಮಚ್ಚೆಗಳನ್ನು ನೋಡಿ ಆರಿಸುತ್ತಿದ್ದರು. ಅದು ಪ್ತಾಹ್ ದೇವರು ನೆಲೆ ನಿಂತ ಹೋರಿ. ಉಳಿದ ಹೋರಿಗಳನ್ನು ಉಳುಮೆಗೂ ಊಟಕ್ಕೂ ಬಳಸುತ್ತಿದ್ದರು. ಆಪಿಸ್ ಸತ್ತರೆ ಸಕ್ಕಾರಾದ ನೆಲಮಾಳಿಗೆಯಲ್ಲಿ ರಾಜನ ಹಾಗೆ ಹೂಳುತ್ತಿದ್ದರು. ಹತ್ತಾರು ಟನ್ ತೂಗುವ ಕಲ್ಲಿನ ಪೆಟ್ಟಿಗೆಗಳಿರುವ ಆ ಜಾಗವನ್ನು 1850-51ರಲ್ಲಿ ಫ್ರಾನ್ಸಿನ ಆಗಸ್ಟ್ ಮಾರಿಯೆಟ್ ಪತ್ತೆ ಮಾಡಿದ.

ಆದರೆ ಕೊನೆಯ ಶತಮಾನಗಳಲ್ಲಿ ಇದು ಬೇರೆಯದೇ ಆಯಿತು. ಹರಕೆ ಹೊತ್ತವರು ಬೆಕ್ಕಿನ, ಐಬಿಸ್‌ನ ಮಮ್ಮಿ ಕೊಂಡು ಗುಡಿಗೆ ಒಪ್ಪಿಸುವುದು ದೊಡ್ಡ ವ್ಯವಹಾರವಾಯಿತು. ಲಕ್ಷಗಟ್ಟಲೆ ಮಮ್ಮಿಗಳು. ಅದಕ್ಕಾಗಿಯೇ ಪ್ರಾಣಿಗಳನ್ನು ಸಾಕಿ ಕೊಲ್ಲುತ್ತಿದ್ದರು. ಮೋಸವೂ ಬಂತು. ಮ್ಯಾಂಚೆಸ್ಟರ್‌ನಲ್ಲಿ ಎಂಟುನೂರಕ್ಕೂ ಹೆಚ್ಚು ಪ್ರಾಣಿ ಮಮ್ಮಿಗಳನ್ನು ಸ್ಕ್ಯಾನ್ ಮಾಡಿ ನೋಡಿದರೆ ಸುಮಾರು ಮೂರನೇ ಒಂದು ಭಾಗದೊಳಗೆ ಪ್ರಾಣಿಯೇ ಇರಲಿಲ್ಲ. ಮಣ್ಣು, ಕಡ್ಡಿ, ಚಿಂದಿ ಬಟ್ಟೆ. ಸಕ್ಕಾರಾದಲ್ಲಿ ಐಬಿಸ್ ಗುಡಿಗೆ ಸೇರಿದ್ದ ಹೋರ್ ಎಂಬವನು ಕ್ರಿ.ಪೂ. 2ನೇ ಶತಮಾನದಲ್ಲಿ ಮಡಕೆ ಚೂರುಗಳ ಮೇಲೆ ಬರೆದಿಟ್ಟ ಟಿಪ್ಪಣಿಗಳಲ್ಲಿ ಒಂದು ನಿಯಮ ಬರುತ್ತದೆ: ಒಂದು ಮಡಕೆಗೆ ಒಂದು ದೇವರು, ಅಂದರೆ ಒಂದು ಐಬಿಸ್ ಮಮ್ಮಿ. ನಿಯಮ ಬೇಕಾಯಿತು ಅಂದರೆ ಅದನ್ನು ಮುರಿಯುವವರು ಇದ್ದರು ಅಂತಲೇ ಅರ್ಥ. ಇನ್ನು ಆ ಬೆಕ್ಕುಗಳ ಗತಿ: 1890ರಲ್ಲಿ ಸುಮಾರು 1,80,000 ಬೆಕ್ಕಿನ ಮಮ್ಮಿಗಳನ್ನು ಹಡಗಿನಲ್ಲಿ ಲಿವರ್‌ಪೂಲ್‌ಗೆ ಒಯ್ದು ಹರಾಜು ಹಾಕಿದರು. ಹೊಲಕ್ಕೆ ಗೊಬ್ಬರವಾಗಲಿ ಅಂತ.

ಯಾವ ಪ್ರಾಣಿ ದೇವರು ಅನ್ನುವುದು ಊರಿನಿಂದ ಊರಿಗೆ ಬೇರೆ. ಪ್ಲುಟಾರ್ಕ್ ಹೇಳುವ ಒಂದು ಜಗಳ ಕೇಳಿ. ಒಂದು ಊರಿನಲ್ಲಿ ಚೂಪು ಮೂತಿಯ ಮೀನು ಪವಿತ್ರ, ಪಕ್ಕದ ಊರಿನಲ್ಲಿ ನಾಯಿ ಪವಿತ್ರ. ನಾಯಿ ಊರಿನವರು ಆ ಮೀನನ್ನು ತಿಂದರು. ಮೀನು ಊರಿನವರು ನಾಯಿ ಹಿಡಿದು ಬಲಿ ಕೊಟ್ಟು ತಿಂದರು. ಹೊಡೆದಾಟವಾಯಿತು, ಕೊನೆಗೆ ರೋಮನ್ನರು ಬಂದು ಇಬ್ಬರಿಗೂ ಬುದ್ಧಿ ಕಲಿಸಬೇಕಾಯಿತು.

ಆ ಮೀನು ಊರಿನ ಹೆಸರು ಕನ್ನಡಿಗರು ಕೇಳಿರುತ್ತೀರಿ: ಆಕ್ಸಿರಿಂಕಸ್. ಹಾಗೆಂದರೆ ‘ಚೂಪು ಮೂತಿ’. ಅಲ್ಲಿನ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್ ಚೂರುಗಳಲ್ಲಿ ಒಂದು ಗ್ರೀಕ್ ಪ್ರಹಸನ ಇದೆ, ಕತೆ ನಡೆಯುವುದು ಭಾರತದ ಕರಾವಳಿಯಲ್ಲಿ. ಅದರಲ್ಲಿ ಸ್ಥಳೀಯರು ಆಡುವ ಅರ್ಥವಾಗದ ಮಾತುಗಳು ಕನ್ನಡ ಅಂತ 1904ರಲ್ಲಿ ಜರ್ಮನಿಯ ವಿದ್ವಾಂಸ ಹುಲ್ಟ್ಷ್ ಹೇಳಿದ. ಮೈಸೂರಿನ ಆರ್. ಶಾಮಶಾಸ್ತ್ರಿಗಳೂ ಅದರ ಬಗ್ಗೆ ಬರೆದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ವಾದ ಇನ್ನೂ ಇದೆ. ಅದೇ ಊರಿನ ಇನ್ನೊಂದು ಹಾಳೆ ಐಸಿಸ್‌ಳ ಸ್ತೋತ್ರ. ಯಾವ್ಯಾವ ಊರಿನಲ್ಲಿ, ಯಾವ್ಯಾವ ನಾಡಿನಲ್ಲಿ ಅವಳಿಗೆ ಏನು ಹೆಸರು ಅಂತ ಉದ್ದಕ್ಕೂ ಪಟ್ಟಿ. ಭಾರತದವರು ‘ಮಾಯಾ’ ಅನ್ನುತ್ತಾರೆ ಅಂತ ಬರೆದಿದೆ. ಇದನ್ನು ಹಿಡಿದು ಯಾರಾದರೂ ಹೊಸ ಮೆಸೇಜ್ ಮಾಡುವ ಮೊದಲೇ ಹೇಳಿಬಿಡುತ್ತೇನೆ: ಅದು ತಮ್ಮ ದೇವತೆ ಎಲ್ಲ ಕಡೆ ಇದ್ದಾಳೆ ಎಂಬ ಭಕ್ತರ ಹೆಮ್ಮೆ, ಅಷ್ಟೇ.

ದೊಡ್ಡ ಗುಡಿಗಳ ಒಳಕೋಣೆಗೆ ಸಾಮಾನ್ಯ ಜನ ಹೋಗುವ ಹಾಗಿರಲಿಲ್ಲ. ಬೆಳಿಗ್ಗೆ ಪೂಜಾರಿ ಬಾಗಿಲ ಮುದ್ರೆ ಒಡೆದು, ಮೂರ್ತಿಗೆ ಬಟ್ಟೆ ಉಡಿಸಿ, ಊಟ ಇಟ್ಟು, ತನ್ನ ಹೆಜ್ಜೆ ಗುರುತನ್ನೂ ಗುಡಿಸಿ ಹೊರಬರುತ್ತಿದ್ದ. ಜನರಿಗೆ ಮನೆ ದೇವರುಗಳಿದ್ದವು. ಬಸುರಿಯರನ್ನು ಕಾಯುವ, ಹೊಟ್ಟೆ ಮುಂದೆ ಬಂದ ನೀರಾನೆ ತವೆರೆತ್. ನಾಲಿಗೆ ಚಾಚಿ ಕುಣಿಯುವ ಕುಳ್ಳ ಬೆಸ್. ರಾಜರ ಗೋರಿ ಕೊರೆಯುವ ಕೆಲಸಗಾರರ ಊರು ದೆಯ್ರ್ ಎಲ್-ಮದೀನಾದಲ್ಲಿ, ತಲೆಯ ಮೇಲೆ ನಿಂತ ಗುಡ್ಡವೇ ಒಬ್ಬ ನಾಗರಹಾವಿನ ದೇವತೆ. ಹೆಸರು ಮೆರೆತ್‌ಸೆಗೆರ್, ‘ಮೌನವನ್ನು ಇಷ್ಟಪಡುವವಳು’. ಆ ಊರಿನ ನೆಫೆರಾಬು ಎಂಬ ಕೆಲಸಗಾರ ಒಂದು ಕಲ್ಲು ಕೆತ್ತಿಸಿದ್ದಾನೆ: ಪ್ತಾಹ್ ದೇವರ ಮೇಲೆ ಸುಳ್ಳು ಆಣೆ ಇಟ್ಟೆ, ಹಗಲಲ್ಲೇ ನನಗೆ ಕತ್ತಲೆ ತೋರಿಸಿದ, ಅವನ ಹೆಸರನ್ನು ಸುಮ್ಮನೆ ಎತ್ತಬೇಡಿ. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕೋಟಿ ಕೋಟಿ ಅಕ್ಷರಗಳ ರಾಜರ ಬಡಾಯಿಗಿಂತ ನನಗೆ ಈ ಒಂದು ಕಲ್ಲು ಹೆಚ್ಚು ಮಾತಾಡುತ್ತದೆ.

ಕೊನೆಗೆ ನಿಮ್ಮ ಹುಡುಗನ ಪ್ರಶ್ನೆ. ಪೂಜೆ ಒಂದೇ ದಿನ ನಿಲ್ಲಲಿಲ್ಲ. ರೋಮನ್ ಸಾಮ್ರಾಜ್ಯ ಕ್ರೈಸ್ತವಾದ ಮೇಲೆ ಗುಡಿಗಳು ಒಂದೊಂದಾಗಿ ಮುಚ್ಚಿದವು. ದಕ್ಷಿಣದ ಗಡಿಯಲ್ಲಿ ಫಿಲೆ ಎಂಬ ದ್ವೀಪದ ಐಸಿಸ್ ಗುಡಿ ಮಾತ್ರ ಗಡಿಯಾಚೆಯ ನುಬಿಯಾ ನಾಡಿನ ಭಕ್ತರಿಂದಾಗಿ ಬಹಳ ಕಾಲ ಉಳಿಯಿತು. ಅದನ್ನು ಮುಚ್ಚಿಸಿದ್ದು ಜಸ್ಟಿನಿಯನ್ ಚಕ್ರವರ್ತಿ, ಕ್ರಿ.ಶ. 530ರ ದಶಕದಲ್ಲಿ. ಆ ಗುಡಿಯ ಒಂದು ಗೋಡೆಯ ಮೇಲೆ ಐಸಿಸ್‌ಳ ಒಬ್ಬ ಪೂಜಾರಿ ಮಂದುಲಿಸ್ ಎಂಬ ನುಬಿಯಾದ ದೇವರ ಚಿತ್ರ ಬಿಡಿಸಿ, ಪಕ್ಕದಲ್ಲಿ ಕೆಲವು ಸಾಲು ಕೆತ್ತಿದ್ದಾನೆ. ಹಳೆಯ ಚಿತ್ರಲಿಪಿಯಲ್ಲಿ ನಮಗೆ ಗೊತ್ತಿರುವ ಕಟ್ಟಕಡೆಯ ಬರಹ ಅದು. ಆಮೇಲೆ 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ಬಿಡಿಸುವವರೆಗೆ ಆ ಲಿಪಿ ಓದುವವರು ಇರಲಿಲ್ಲ. ಪೂಜಾರಿ ತಾರೀಖನ್ನೂ ಹಾಕಿದ್ದಾನೆ. ನಮ್ಮ ಲೆಕ್ಕದಲ್ಲಿ 394ನೇ ಇಸವಿ, ಆಗಸ್ಟ್ 24. ಅವನ ಪಂಚಾಂಗದಲ್ಲಿ ಅದು ಯಾವ ದಿನ ಗೊತ್ತಾ? ಥೋತ್ ಆಟದಲ್ಲಿ ಗೆದ್ದು ತಂದ ಐದು ದಿನಗಳಲ್ಲಿ ಮೊದಲನೆಯದು. ಒಸೈರಿಸ್ ಹುಟ್ಟಿದ ದಿನ.